ಪಕ್ಕಕ್ಕೆ ನೋಡುವ ಆನೆ

ಏಪ್ರಿಲ್‌ನಲ್ಲಿ ಮಗಳಿಗೆ ಐದು ತುಂಬಿತು. ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆ ನಾನೇ ಮಾಡಿದ ಕೇಕ್ ಪಾಪ್ ಕೊಟ್ಟೆ. ಕಡ್ಡಿಯ ತುದಿಯಲ್ಲಿ ನಿಂಬೆಹಣ್ಣಿಗಿಂತ ಸ್ವಲ್ಪ ಚಿಕ್ಕ ಉಂಡೆ. ಅದಕ್ಕೆ ಕಿವಿ, ಮೂಗು, ಕಣ್ಣು. ಪಾಂಡಾ, ಹಂದಿಮರಿ, ಬೆಕ್ಕು, ಕುರಿ, ಕೋಳಿಮರಿ, ಎಲ್ಲ ಸೇರಿ ಇಪ್ಪತ್ತನಾಲ್ಕು. ಎದುರು ಮನೆಯ ಹುಡುಗ ತುಂಬ ಹೊತ್ತು ನೋಡಿ ನೋಡಿ ಒಂದು ಪಾಂಡಾ ಆರಿಸಿಕೊಂಡ. ಬಾಯಿಯವರೆಗೂ ತಂದ. ಅಲ್ಲೇ ನಿಲ್ಲಿಸಿದ. "ಆಂಟಿ, ಇದು ನನ್ನನ್ನೇ ನೋಡ್ತಿದೆ" ಅಂದ.

ನಾನು ನಕ್ಕೆ. ಉಳಿದ ಮಕ್ಕಳು ನಗಲಿಲ್ಲ. ಒಬ್ಬೊಬ್ಬರೇ ತಮ್ಮ ಕೈಯಲ್ಲಿದ್ದದ್ದನ್ನು ತಿರುಗಿಸಿ ನೋಡಿಕೊಂಡರು. ಎರಡು ನಿಮಿಷದಲ್ಲಿ ತಿನ್ನುವವರ ಸಂಖ್ಯೆ ಮೂರಕ್ಕೆ ಇಳಿಯಿತು. ಒಂದು ಹುಡುಗಿ ತನ್ನ ಕುರಿಮರಿಗೆ ಪೇಪರ್ ನ್ಯಾಪ್ಕಿನ್ ಹೊದಿಸಿದಳು. ಮನೆಗೆ ಹೋಗುವಾಗ ಹೆಚ್ಚಿನ ಮಕ್ಕಳ ಕೈಯಲ್ಲಿ ಕಡ್ಡಿ ಹಾಗೇ ಇತ್ತು. ಮೂರು ದಿನ ಬಿಟ್ಟು ಒಬ್ಬ ತಾಯಿ ವಾಟ್ಸಾಪ್‌ನಲ್ಲಿ ಕೇಳಿದರು: "ಹಂದಿಮರಿ ಇನ್ನೂ ಫ್ರಿಜ್ಜಲ್ಲಿದೆ. ತಿನ್ನೋಕೂ ಬಿಡ್ತಿಲ್ಲ, ಬಿಸಾಡೋಕೂ ಬಿಡ್ತಿಲ್ಲ. ಎಷ್ಟು ದಿನ ಇರತ್ತೆ?" ಮೊದಲು ಸ್ವಲ್ಪ ಹೆಮ್ಮೆಯಾಯಿತು. ಆಮೇಲೆ ಒಂದು ವಿಷಯ ಕೊರೆಯಲು ಶುರುವಾಯಿತು. ನಾವು ಚಿಕ್ಕವರಿದ್ದಾಗ ಸಂಕ್ರಾಂತಿಗೆ ಸಕ್ಕರೆ ಆನೆ, ಸಕ್ಕರೆ ಗಿಳಿ ತಿನ್ನುತ್ತಿದ್ದೆವಲ್ಲ. ಕಟಕ್ ಅಂತ ತಲೆಯನ್ನೇ ಮೊದಲು ಕಚ್ಚುತ್ತಿದ್ದೆವು. ಯಾರಿಗೂ ಏನೂ ಅನಿಸುತ್ತಿರಲಿಲ್ಲ. ಈ ಮಕ್ಕಳಿಗೆ ಏನಾಯಿತು?

"ಈಗಿನ ಮಕ್ಕಳು ಸೂಕ್ಷ್ಮ" ಅನ್ನುವುದು ಸುಲಭದ ಉತ್ತರ. ನನ್ನ ಗಂಡ ಅದನ್ನೇ ಹೇಳಿದರು. ಇದೇ ಮಕ್ಕಳು ಆ ದಿನ ಸಂಜೆ ಅಂಗಳದಲ್ಲಿ ಇರುವೆ ಸಾಲನ್ನು ಏನು ಮಾಡಿದರು ಅಂತ ನಾನು ನೋಡಿದ್ದೇನೆ. ಹಾಗಾಗಿ ಆ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ.

ಉಂಡೆಯವರೆಗೆ ಗೊತ್ತಿದ್ದ ದಾರಿ

ಕೇಕ್ ಪಾಪ್ ಹಳೇ ತಿಂಡಿಯೇನಲ್ಲ. 2008ರ ಸುಮಾರಿಗೆ ಅಮೆರಿಕದ ಆಂಜಿ ಡಡ್ಲಿ ಅನ್ನುವವರು 'ಬೇಕರೆಲ್ಲಾ' ಎಂಬ ಹೆಸರಿನಲ್ಲಿ ಇವುಗಳ ಫೋಟೋ ಹಾಕತೊಡಗಿದ ಮೇಲೆ ಹಬ್ಬಿದ್ದು. 2011ರಲ್ಲಿ ಸ್ಟಾರ್‌ಬಕ್ಸ್ ತನ್ನ ಅಂಗಡಿಗಳಲ್ಲಿ ಮಾರಲು ಶುರುಮಾಡಿತು. ಆದರೆ ಒಳಗಿನ ಉಪಾಯ ಎಲ್ಲ ಬೇಕರಿಯವರಿಗೂ ಗೊತ್ತಿರುವುದೇ. ಉಳಿದ ಕೇಕನ್ನು ಪುಡಿ ಮಾಡಿ, ಜಿಡ್ಡು ಸಿಹಿ ಏನಾದರೂ ಬೆರೆಸಿ, ಉಂಡೆ ಕಟ್ಟಿ, ಮೇಲೆ ಚಾಕೊಲೇಟ್ ಬಳಿಯುವುದು. ನಮ್ಮ ಬೇಕರಿಗಳ ಗಾಜಿನ ಪೆಟ್ಟಿಗೆಯಲ್ಲಿ ಕೂತಿರುವ ರಮ್ ಬಾಲ್ ಮತ್ತೇನು? ಅದಕ್ಕೊಂದು ಕಡ್ಡಿ ಚುಚ್ಚಿ ಮುಖ ಬರೆದರೆ ಆಯಿತು. ಆ "ಆಯಿತು" ಎಷ್ಟು ದೂರ ಅಂತ ಆಗ ಗೊತ್ತಿರಲಿಲ್ಲ.

ಹುಟ್ಟುಹಬ್ಬದ ಹಿಂದಿನ ದಿನ ಮೈಸೂರಿನಿಂದ ಅಮ್ಮ ಬಂದಿದ್ದರು. ನಾನು ಮೊಸರು, ಅಡಿಗೆ ಸೋಡಾ ಹಾಕಿ ಮೊಟ್ಟೆಯಿಲ್ಲದ ಕೇಕ್ ಬೇಯಿಸಿ, ಆರಿಸಿ, ಕೈಯಲ್ಲಿ ಪುಡಿ ಮಾಡುತ್ತಿದ್ದೆ. "ಅಷ್ಟು ಚೆನ್ನಾಗಿ ಉಬ್ಬಿದೆ, ಯಾಕೆ ಹಾಳು ಮಾಡ್ತಿದೀಯೇ?" ಅಂದರು ಅಮ್ಮ. ವಿವರಿಸಿದೆ. "ಓ, ಉಂಡೆ!" ಅಂದವರೇ ಕೈ ತೊಳೆದುಕೊಂಡು ಬಂದು ಕೂತರು. ನಾನು ಅಷ್ಟರಲ್ಲಿ ಬೆಣ್ಣೆ, ಸಕ್ಕರೆಪುಡಿ ಕಲಸಿದ್ದನ್ನು ಅಳತೆ ನೋಡಿ ಪೂರ್ತಿ ಸುರಿದುಬಿಟ್ಟಿದ್ದೆ. ಕೇಕ್ ಪುಡಿ ಮುದ್ದೆಯಾಗಿ ಕೈಗೆ ಅಂಟುತ್ತಿತ್ತು. ಅಮ್ಮ ಒಂದು ಚೂರು ಹಿಡಿದು ಮುಷ್ಟಿ ಬಿಗಿದು ಬಿಟ್ಟರು. "ಜಿಡ್ಡು ಜಾಸ್ತಿ ಆಯ್ತು. ಕಡ್ಡಿ ಮೇಲೆ ನಿಲ್ಲಲ್ಲ ಇದು, ಜಾರತ್ತೆ." ಕೇಕ್ ಪಾಪ್ ಅನ್ನು ಜನ್ಮದಲ್ಲಿ ನೋಡದವರು ಅದರ ಮೊದಲ ರೋಗವನ್ನೇ ಹೇಳಿದ್ದರು. ನಾನು ಓದಿಕೊಂಡಿದ್ದ ಎಚ್ಚರಿಕೆಗಳಲ್ಲಿ ಮೊದಲನೆಯದೇ ಅದು: ಜಿಡ್ಡು ಹೆಚ್ಚಾದರೆ ಉಂಡೆ ಮೆತ್ತಗಾಗಿ, ತನ್ನ ಭಾರಕ್ಕೆ ತಾನೇ ಕಡ್ಡಿಯಿಂದ ಇಳಿಯುತ್ತದೆ.

ತಂಬಿಟ್ಟು, ರವೆ ಉಂಡೆ ಕಟ್ಟಿದ ಕೈಗೆ ಅಳತೆಯ ಚಮಚ ಬೇಕಿಲ್ಲ. ಕೇಕಿನ ಅಂಚು ಕಂದಿತ್ತು ಅಂತ ಕತ್ತರಿಸಿ ಪಕ್ಕಕ್ಕಿಟ್ಟಿದ್ದೆ. ಅದನ್ನು ಪುಡಿ ಮಾಡಿ ಸೇರಿಸಿ ಹದಕ್ಕೆ ತಂದರು. ನಾನು ತಕ್ಕಡಿಯಲ್ಲಿಟ್ಟು ಒಂದೊಂದನ್ನೂ 30 ಗ್ರಾಮ್ ತೂಗುತ್ತಿದ್ದೆ. ಅಮ್ಮ ನೋಡದೇ ಕಟ್ಟಿದ್ದನ್ನು ತೂಗಿದರೆ 29, 31, 30. ತಕ್ಕಡಿಯನ್ನು ಎತ್ತಿಟ್ಟೆ. ಉಂಡೆಗಳೆಲ್ಲ ತಟ್ಟೆಯಲ್ಲಿ ಕೂತು ಫ್ರಿಜ್ಜಿಗೆ ಹೋದವು. ಅಲ್ಲಿಯವರೆಗೆ ಅದು ನಮ್ಮ ಅಡುಗೆಮನೆಯ ಕೆಲಸವೇ ಆಗಿತ್ತು.

ಚಾಕೊಲೇಟಿನ ಜೊತೆ ಜಗಳ

ನಂತರದ ಎರಡು ಗಂಟೆ ಹಾಗಿರಲಿಲ್ಲ. ಮನೆಯಲ್ಲಿ ಮಾಡುವವರು ಬಳಸುವುದು ಸಾಮಾನ್ಯವಾಗಿ ಕಾಂಪೌಂಡ್ ಚಾಕೊಲೇಟ್. ಅಸಲಿ ಚಾಕೊಲೇಟಿನಲ್ಲಿರುವ ಕೋಕೋ ಬೆಣ್ಣೆಯ ಬದಲು ಇದರಲ್ಲಿ ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಹಾಗಾಗಿ ಬಿಸಿ ಮಾಡಿ, ತಣಿಸಿ, ಮತ್ತೆ ಹದ ಬಿಸಿಗೆ ತರುವ ರಗಳೆ ಇಲ್ಲ. ಕರಗಿಸು, ಅದ್ದು, ಗಟ್ಟಿಯಾಗುತ್ತದೆ. ರುಚಿ ಸ್ವಲ್ಪ ಮೇಣದ ಹಾಗೆ, ಅದನ್ನು ಒಪ್ಪಿಕೊಳ್ಳಬೇಕು. ಬಿಳಿ ಕಾಂಪೌಂಡಿಗೆ ಗುಲಾಬಿ ಬಣ್ಣ ಬೇಕಿತ್ತು, ಹಂದಿಮರಿಗೆ. ಮನೆಯಲ್ಲಿದ್ದ ಶೀಶೆಯಿಂದ ನಾಲ್ಕು ಹನಿ ಹಾಕಿದೆ. ಹಾಕಿದ ಕ್ಷಣ ಹಾಲಿನಂತಿದ್ದ ಚಾಕೊಲೇಟ್ ಮುದುರಿಕೊಂಡು ಉಪ್ಪಿಟ್ಟಿನ ಹಾಗಾಯಿತು. ನೀರಿನ ಬಣ್ಣ ಅದು. ಚಾಕೊಲೇಟಿಗೆ ನಾಲ್ಕು ಹನಿ ನೀರು ಸಾಕು, ಅದರೊಳಗಿನ ಸಕ್ಕರೆ ಒದ್ದೆಯಾಗಿ ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತದೆ. ಎಣ್ಣೆಯಲ್ಲಿ ಕರಗುವ ಬಣ್ಣ ಬೇರೆಯೇ ಇದೆ, ಅದನ್ನು ತರಬೇಕಿತ್ತು. ರಾತ್ರಿ ಎಂಟೂವರೆಗೆ ಗಂಡನನ್ನು ಅಂಗಡಿಗೆ ಓಡಿಸಿದೆ. ಕೆಟ್ಟುಹೋದದ್ದನ್ನು ಅಮ್ಮ ಬಿಸಿ ಹಾಲಿಗೆ ಹಾಕಿ ಮಗಳಿಗೆ ಕುಡಿಸಿದರು. ಗುಲಾಬಿ ಹಾಲು. ಅವಳಿಗೆ ಆ ಇಡೀ ದಿನದಲ್ಲಿ ಹೆಚ್ಚು ಇಷ್ಟವಾದದ್ದು ಅದೇ ಇರಬೇಕು.

ಕಡ್ಡಿಯ ತುದಿಯನ್ನು ಮೊದಲು ಚಾಕೊಲೇಟಿನಲ್ಲಿ ಅದ್ದಿ ಆಮೇಲೆ ಉಂಡೆಗೆ ಅರ್ಧದವರೆಗೆ ಚುಚ್ಚಬೇಕು. ಅದು ಗೋಂದಿನ ಹಾಗೆ ಹಿಡಿಯುತ್ತದೆ. ಆಮೇಲೆ ಪೂರ್ತಿ ಅದ್ದಿ, ಕಡ್ಡಿಯನ್ನು ಲೋಟದ ಅಂಚಿಗೆ ಮೆಲ್ಲಗೆ ತಟ್ಟುತ್ತ ತಿರುಗಿಸಿದರೆ ಹೆಚ್ಚಿನದು ಸುರಿದುಹೋಗುತ್ತದೆ. ಮೊದಲ ಆರು ಚೆನ್ನಾಗಿ ಬಂದವು, ಥರ್ಮೋಕೋಲಿಗೆ ಸಿಕ್ಕಿಸಿ ನಿಲ್ಲಿಸಿದೆ. ತಿರುಗಿ ನೋಡುವಷ್ಟರಲ್ಲಿ ನಾಲ್ಕರ ತಲೆ ಬಿರುಕು ಬಿಟ್ಟಿತ್ತು. ಉಂಡೆ ತೀರಾ ತಣ್ಣಗಿತ್ತು, ಚಾಕೊಲೇಟ್ ತೀರಾ ಬಿಸಿ. ಹೊರಗಿನದು ಗಟ್ಟಿಯಾಗಿ ಬಿಗಿಯುತ್ತಿರುವಾಗ ಒಳಗಿನದು ಬೆಚ್ಚಗಾಗಿ ಹಿಗ್ಗುತ್ತದೆ. ಸಿಡಿಯದೆ ಏನು ಮಾಡೀತು? ಉಳಿದ ಉಂಡೆಗಳನ್ನು ಹತ್ತು ನಿಮಿಷ ಹೊರಗಿಟ್ಟು, ಚಾಕೊಲೇಟಿಗೆ ಒಂದು ಚಮಚ ಎಣ್ಣೆ ಹಾಕಿ ತೆಳ್ಳಗೆ ಮಾಡಿದ ಮೇಲೆ ಬಿರುಕು ನಿಂತಿತು. ಸಿಡಿದ ನಾಲ್ಕನ್ನು ಕೊಬ್ಬರಿ ತುರಿಯಲ್ಲಿ ಹೊರಳಿಸಿದೆ. ಅವು ಕುರಿಗಳಾದವು. ನಮ್ಮ ಮನೆಯಲ್ಲಿ ಕುರಿ ಹುಟ್ಟಿದ್ದೇ ಹೀಗೆ, ಪಟ್ಟಿಯಲ್ಲಿ ಇರಲೇ ಇಲ್ಲ.

ಪಟ್ಟಿಯಲ್ಲಿ ಇದ್ದದ್ದು ಆನೆ. ಮಗಳು ಕೇಳಿದ್ದೂ ಅದನ್ನೇ. ಆರು ಆನೆ ಮಾಡಲು ಹೋದೆ. ಸೊಂಡಿಲಿಗೆ ಉದ್ದದ ಜೆಲ್ಲಿ ತುಂಡು ಅಂಟಿಸಿದರೆ ಭಾರಕ್ಕೆ ಇಡೀ ಮುಖವೇ ಕೆಳಗೆ ಜಾರಿತು. ಬಾದಾಮಿ ಚೂರು ಅಂಟಿಸಿದರೆ ಹಕ್ಕಿಯ ಕೊಕ್ಕಿನ ಹಾಗೆ ಕಂಡಿತು. ಮೂರನೆಯದು ಆನೆಗಿಂತ ಗ್ಯಾಸ್ ಮಾಸ್ಕ್ ಹಾಕಿಕೊಂಡ ಮನುಷ್ಯನ ಹಾಗಿತ್ತು. ಅಮ್ಮ ಸ್ವಲ್ಪ ಹೊತ್ತು ಸುಮ್ನೆ ನೋಡಿದರು. "ಆನೆ ಇದಕ್ಕೆ ಬರಲ್ಲ ಬಿಡೇ" ಅಂದರು. "ನಮ್ಮ ಅಚ್ಚಲ್ಲಿ ಆನೆ ಬರತ್ತೆ. ಯಾಕೆ ಹೇಳು? ಪಕ್ಕಕ್ಕೆ ತಿರುಗಿದೆ ಅದು."

ಮುರಿದದ್ದು ನಿಮಗೆ

ನಮ್ಮ ಅಜ್ಜಿಯ ಮನೆಯಲ್ಲಿ ಸಕ್ಕರೆ ಅಚ್ಚಿನ ಕೆಲಸ ಸಂಕ್ರಾಂತಿಗೆ ಎರಡು ಮೂರು ವಾರ ಮೊದಲೇ ಶುರುವಾಗುತ್ತಿತ್ತು. ಹಿಂದಿನ ರಾತ್ರಿಯೇ ಮರದ ಅಚ್ಚುಗಳನ್ನೆಲ್ಲ ಬಕೆಟ್ಟಿನ ನೀರಿಗೆ ಹಾಕುತ್ತಿದ್ದರು, ಸಕ್ಕರೆ ಅಂಟಬಾರದು ಅಂತ. ಬೆಳಿಗ್ಗೆ ಎದ್ದರೆ ನೀರಿನ ತುಂಬ ಕಪ್ಪು ಮರದ ತುಂಡುಗಳು. ಯಾವುದು ಯಾವುದರ ಜೋಡಿ ಅಂತ ಹುಡುಕುವ ಕೆಲಸ ನಮಗೆ. ಆನೆ, ಬಸವ, ಗಿಳಿ, ಮೀನು, ತುಳಸಿಕಟ್ಟೆ, ಗೋಪುರ. ಜೋಡಿ ಸೇರಿಸಿ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಮಾಡಿದ ರಬ್ಬರಿನಿಂದ ಬಿಗಿದು ಸಾಲಾಗಿ ನಿಲ್ಲಿಸುತ್ತಿದ್ದೆವು.

ಒಲೆಯ ಹತ್ತಿರ ನಮಗೆ ಜಾಗ ಇರಲಿಲ್ಲ. ಅಜ್ಜಿ ಸಕ್ಕರೆಗೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ಸ್ವಲ್ಪ ಹಾಲು ಹಾಕುತ್ತಿದ್ದರು. ಕೊಳೆಯೆಲ್ಲ ಬೂದು ನೊರೆಯಾಗಿ ಮೇಲೆ ಬರುತ್ತಿತ್ತು. ಅದನ್ನು ತೆಗೆದು, ಬಿಳಿ ಬಟ್ಟೆಯಲ್ಲಿ ಸೋಸಿದರೆ ಪಾಕ ಕನ್ನಡಿಯಂತೆ. ಆಮೇಲೆ ಒಂದೊಂದು ಸೌಟು ಪಾಕವನ್ನು ಚಿಕ್ಕ ಪಾತ್ರೆಗೆ ಹಾಕಿಕೊಂಡು ಮತ್ತೆ ಕಾಯಿಸಿ, ಕೈಬಿಡದೆ ತಿರುವುತ್ತಿದ್ದರು. ಒಂದು ಕ್ಷಣದಲ್ಲಿ ಪಾಕ ಮಸುಕಾಗಿ ಬೆಳ್ಳಗಾಗುತ್ತದೆ. ಆ ಕ್ಷಣವೇ ಅಚ್ಚಿಗೆ ಸುರಿಯಬೇಕು. ಮೊದಲೇ ಸುರಿದರೆ ಗಟ್ಟಿಯಾಗುವುದಿಲ್ಲ, ತಡವಾದರೆ ಪಾತ್ರೆಯಲ್ಲೇ ಕಲ್ಲು. ಅಜ್ಜಿ ಆಗ ಯಾರ ಮಾತಿಗೂ ಉತ್ತರ ಕೊಡುತ್ತಿರಲಿಲ್ಲ. ಬಾಗಿಲಲ್ಲಿ ಯಾರಾದರೂ ಕೂಗಿದರೂ ಅಷ್ಟೇ.

ಅಚ್ಚು ಬಿಡಿಸುವ ಹೊತ್ತಿಗೆ ನಾವು ಐದಾರು ಮಕ್ಕಳು ಸುತ್ತ ಕೂತಿರುತ್ತಿದ್ದೆವು. ಪೂರ್ತಿ ಬಂದದ್ದು ಡಬ್ಬಿಗೆ, ಎಳ್ಳು ಬೀರುವುದಕ್ಕೆ. ಮುರಿದದ್ದು ನಮಗೆ. ಅದು ಅಜ್ಜಿಯ ಕಾನೂನು. ಹಾಗಾಗಿ ಒಳಗೊಳಗೇ ಎಲ್ಲರದೂ ಒಂದೇ ಪ್ರಾರ್ಥನೆ. ಗಿಳಿಯ ಕೊಕ್ಕು ಹೋಗಲಿ, ಬಸವನ ಕಾಲು ಹೋಗಲಿ. ಆಶ್ಚರ್ಯ ಏನೆಂದರೆ ಆನೆಯ ಸೊಂಡಿಲು ಮಾತ್ರ ಎಂದೂ ಮುರಿಯುತ್ತಿರಲಿಲ್ಲ. ಒಂದು ಸಲ ನನ್ನ ಅಣ್ಣ, ದೊಡ್ಡಪ್ಪನ ಮಗ, ಯಾರೂ ನೋಡದಾಗ ಆನೆಯನ್ನು ಕೈಯಲ್ಲಿ ಹಿಡಿದು ಸೊಂಡಿಲು ಕೀಳಲು ನೋಡಿದ. ಬರಲಿಲ್ಲ. ಅಜ್ಜಿ ಬೆನ್ನು ತಿರುಗಿಸಿಕೊಂಡೇ ಅಂದರು: "ಅದು ಬರಲ್ಲ ಕಣೋ. ಕಾಲಿಗೆ ಅಂಟಿಕೊಂಡಿದೆ."

ಈಗ ಅಮ್ಮ ಹೇಳಿದ್ದು ಅರ್ಥವಾಯಿತು. ಅಚ್ಚು ಕೊರೆದವನಿಗೆ ಸಕ್ಕರೆಯ ಸ್ವಭಾವ ಗೊತ್ತಿತ್ತು. ಚಾಚಿದ್ದೆಲ್ಲ ಮುರಿಯುತ್ತದೆ. ಅದಕ್ಕೇ ಸೊಂಡಿಲನ್ನು ಒಳಕ್ಕೆ ಸುತ್ತಿ ಮುಂಗಾಲಿಗೆ ಸೇರಿಸಿದ್ದ. ಎರಡು ಹೋಳಿನ ಮಧ್ಯೆ ಚಪ್ಪಟೆಯಾಗಿ ಕೂರಬೇಕಾದ್ದರಿಂದ ಪಕ್ಕದಿಂದ ಕಾಣುವ ಆನೆ. ಬೇಲೂರು, ಹಳೇಬೀಡಿನ ಗುಡಿಯ ಬುಡದಲ್ಲಿ ಸುತ್ತಲೂ ಹೋಗುವ ಆನೆ ಸಾಲನ್ನು ನೆನಪಿಸಿಕೊಳ್ಳಿ. ಹೆಚ್ಚುಕಡಿಮೆ ಎಲ್ಲವೂ ಪಕ್ಕಕ್ಕೇ ನಡೆಯುತ್ತಿವೆ. ಚನ್ನಪಟ್ಟಣದಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಹಾಲೆ ಮರವನ್ನು ಯಂತ್ರಕ್ಕೆ ಕಟ್ಟಿ ತಿರುಗಿಸಿ ಕಡೆಯುತ್ತಾರೆ, ತಿರುಗುವುದರಲ್ಲಿ ಬರುವುದೆಲ್ಲ ದುಂಡಗೆ. ಅದಕ್ಕೇ ಅಲ್ಲಿಯ ಬೊಂಬೆಗಳಿಗೆ ದುಂಡು ತಲೆ, ದುಂಡು ಹೊಟ್ಟೆ, ಮೇಲೆ ಎರಡು ಚುಕ್ಕಿ. ನನ್ನ ಕೈಯಲ್ಲಿದ್ದದ್ದೂ ದುಂಡು ಉಂಡೆ, ಚನ್ನಪಟ್ಟಣದ ದಾರಿಯದ್ದು. ಅದರಲ್ಲಿ ಹಳೇಬೀಡಿನ ಪ್ರಾಣಿಯನ್ನು ತರಲು ಹೊರಟಿದ್ದೆ. ಫೋಟೋದಲ್ಲಿ ಯಾರೋ ಸಕ್ಕರೆ ಹಿಟ್ಟಿನಲ್ಲಿ ಮಾಡಿದ ಸೊಂಡಿಲು ನೋಡಿ ನಾನು ಮೋಸ ಹೋಗಿದ್ದೆ. ಮಗಳಿಗೆ ಸಮಾಧಾನ ಹೇಳಿ ಆನೆಯ ಬೂದು ಬಣ್ಣವನ್ನೆಲ್ಲ ಬೆಕ್ಕಿಗೆ ಬಳಸಿದೆ. ಬೆಕ್ಕಿನ ಮೀಸೆಗೆ ಹುರಿದ ಶಾವಿಗೆ. ಇದು ನನ್ನದೇ ಐಡಿಯಾ, ಇಡೀ ರಾತ್ರಿಯಲ್ಲಿ ನಾನು ಒಬ್ಬಳೇ ಗೆದ್ದ ಒಂದೇ ಜಾಗ.

ಕಣ್ಣು

ಹನ್ನೊಂದು ಗಂಟೆಗೆ ಕಿವಿ ಮೂಗು ಎಲ್ಲ ಮುಗಿದಿತ್ತು. ಹಂದಿಮರಿಗೆ ಗುಲಾಬಿ ಜೆಮ್ಸ್ ಮೂಗು, ಪಾಂಡಾಕ್ಕೆ ಚಾಕೊ ಚಿಪ್ಸ್ ಕಿವಿ. ತಿನ್ನಬಹುದಾದ ಶಾಯಿಯ ಪೆನ್ನಿನಲ್ಲಿ ಕಣ್ಣು ಬರೆದು ಫ್ರಿಜ್ಜಿಗಿಟ್ಟು ಮಲಗಿದೆ. ಬೆಳಿಗ್ಗೆ ತೆಗೆದೆ. ಹಿಂದಿನ ಸಂಜೆ ಒಂದು ಮಳೆ ಬಿದ್ದಿತ್ತು, ಗಾಳಿಯಲ್ಲಿ ತೇವ. ತಣ್ಣಗಿನ ಉಂಡೆಗಳೆಲ್ಲ ಹೊರಗೆ ಬಂದದ್ದೇ ಬೆವರಿದವು. ನನ್ನ ಕಣ್ಣೆದುರೇ ಕಣ್ಣುಗಳು ಕರಗಿ ಕೆನ್ನೆಯ ಮೇಲೆ ಇಳಿಯತೊಡಗಿದವು. ಇಪ್ಪತ್ತನಾಲ್ಕು ಪ್ರಾಣಿಗಳು ಸಾಲಾಗಿ ನಿಂತು ಕಪ್ಪು ಕಣ್ಣೀರು ಹಾಕುತ್ತಿದ್ದವು. ನಾನೂ ಸೇರಿಕೊಳ್ಳುವುದೊಂದು ಬಾಕಿ.

ಅಮ್ಮ ಒಣ ಹತ್ತಿಯಲ್ಲಿ ಒಂದೊಂದೇ ಮುಖ ಒರೆಸಿದರು. ಆಮೇಲೆ ಡಬ್ಬಿಗಳಲ್ಲಿ ಏನೋ ಹುಡುಕಿ ಕರಿ ಎಳ್ಳು ತಂದರು. ಕರಗಿದ ಚಾಕೊಲೇಟನ್ನು ಹಲ್ಲುಕಡ್ಡಿಯ ತುದಿಯಲ್ಲಿ ಚುಕ್ಕಿ ಇಟ್ಟು, ಅದರ ಮೇಲೆ ಒಂದೊಂದು ಎಳ್ಳು. ಎಳ್ಳು ಕರಗುವುದಿಲ್ಲ, ಬೆವರುವುದಿಲ್ಲ. ಮುಖ ಎಲ್ಲ ಮುಗಿದ ಮೇಲೆ ಕೊನೆಗೆ ಕಣ್ಣು ಇಡಬೇಕು ಅನ್ನುವುದನ್ನು ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದೇವರ ಮೂರ್ತಿಗೂ ಕಣ್ಣು ತೆರೆಯುವುದು ಕೊನೆಗೇ ಅಲ್ವಾ. ಅಲ್ಲಿಯವರೆಗೆ ಕಲ್ಲು.

ಎಳ್ಳನ್ನು ಎಲ್ಲಿ ಇಡಬೇಕು ಅನ್ನುವುದರಲ್ಲಿ ನಮ್ಮಿಬ್ಬರಿಗೂ ಜಗಳವಾಯಿತು. ನಾನು ನಮ್ಮ ಮುಖದಲ್ಲಿ ಇರುವ ಹಾಗೆ ನಡುವಿನಲ್ಲಿ ಇಟ್ಟೆ. ಅವು ಬ್ಯಾಂಕಿನ ಮ್ಯಾನೇಜರರ ಹಾಗೆ ಕಂಡವು. ಅಮ್ಮ ಕೆಳಗೆ, ಒಂದರಿಂದ ಒಂದು ದೂರ ಇಟ್ಟರು. ಪಾಂಡಾ ಕೂಸಾಯಿತು. ಮೇಲೆಲ್ಲ ಬರೀ ಹಣೆ. 1943ರಲ್ಲೇ ಪ್ರಾಣಿಗಳ ನಡವಳಿಕೆ ಅಭ್ಯಾಸ ಮಾಡುತ್ತಿದ್ದ ಆಸ್ಟ್ರಿಯಾದ ವಿಜ್ಞಾನಿ ಕಾನ್ರಾಡ್ ಲೊರೆಂಟ್ಸ್ ಬರೆದಿದ್ದರು: ದೊಡ್ಡ ತಲೆ, ಉಬ್ಬಿದ ಹಣೆ, ಕೆಳಗಿರುವ ದೊಡ್ಡ ಕಣ್ಣು, ದುಂಡು ಕೆನ್ನೆ, ಇವು ಯಾವುದರ ಮೇಲೆ ಕಂಡರೂ ನಮಗೆ ಅದನ್ನು ಎತ್ತಿಕೊಳ್ಳಬೇಕು ಅನಿಸುತ್ತದೆ ಅಂತ. ಕೇಕ್ ಪಾಪ್ ಅಂದರೆ ಬರೀ ತಲೆ. ಕುತ್ತಿಗೆ ಇಲ್ಲ, ಮೈ ಇಲ್ಲ. ಎರಡು ಎಳ್ಳು ಸರಿಯಾದ ಜಾಗದಲ್ಲಿ ಬಿದ್ದರೆ ಮುಗಿಯಿತು, ಅದು ತಿಂಡಿಯಾಗಿ ಉಳಿಯುವುದಿಲ್ಲ. ಬೆಳಿಗ್ಗೆ ಕಣ್ಣು ಇಡುವ ಮೊದಲು ನಾನೇ "ಆ ಉಂಡೆ ಇತ್ತ ಕೊಡಮ್ಮ" ಅನ್ನುತ್ತಿದ್ದೆ. ಇಟ್ಟ ಮೇಲೆ "ಅವನನ್ನು ಆ ಕಡೆ ನಿಲ್ಲಿಸು" ಅಂದೆ. ಅಂದದ್ದು ನನಗೇ ಗೊತ್ತಾಗಿರಲಿಲ್ಲ, ಅಮ್ಮ ನಕ್ಕಾಗ ಗೊತ್ತಾಯಿತು.

ಆ ಹುಡುಗ ಹೇಳಿದ್ದೂ ಇದನ್ನೇ. ಇದು ನನ್ನನ್ನೇ ನೋಡ್ತಿದೆ. ಸಕ್ಕರೆ ಆನೆ ನಮ್ಮನ್ನು ಎಂದೂ ನೋಡಲಿಲ್ಲ. ಅದರ ಕಣ್ಣು ಅಚ್ಚಿನಲ್ಲಿ ಕೊರೆದ ಒಂದು ಗುಳಿ, ವರ್ಷ ವರ್ಷ ಸವೆದು ಇದೆಯೋ ಇಲ್ಲವೋ ಅನ್ನುವಂತಿತ್ತು. ಅದೂ ಪಕ್ಕಕ್ಕೆ. ತನ್ನ ಪಾಡಿಗೆ ಎತ್ತಲೋ ನಡೆದುಹೋಗುತ್ತಿದ್ದ ಆನೆ ಅದು, ನಾವು ಹಾದಿಯಲ್ಲಿ ಸಿಕ್ಕಿ ತಿಂದೆವು. ಎದುರಿಗೆ ನಿಂತು ದಿಟ್ಟಿಸುವ ಕಣ್ಣಿನ ಕೆಲಸ ಬೇರೆ. ಕಟ್ಟುತ್ತಿರುವ ಮನೆಯ ಮುಂದೆ ತೂಗುಹಾಕುವ ದೃಷ್ಟಿಬೊಂಬೆಯನ್ನು ಯಾರೂ ಪಕ್ಕಕ್ಕೆ ನೋಡುವ ಹಾಗೆ ಬರೆಯುವುದಿಲ್ಲ. ನೋಡುವವರನ್ನು ತಡೆದು ನಿಲ್ಲಿಸುವುದೇ ಅದರ ಕೆಲಸ. ನಾನು ಮಕ್ಕಳ ಕೈಗೆ ಇಪ್ಪತ್ತನಾಲ್ಕು ಪುಟ್ಟ ದೃಷ್ಟಿಬೊಂಬೆ ಕೊಟ್ಟು, ತಿನ್ನಿ ತಿನ್ನಿ ಅಂದಿದ್ದೆ.

ಈ ಯೋಚನೆಯೆಲ್ಲ ನನಗೆ ಬಂದದ್ದು ವಾರಗಳ ಮೇಲೆ. ಅಮ್ಮ ಆ ದಿನವೇ ಕೆಲಸ ಮುಗಿಸಿದ್ದರು. ಪಾಂಡಾ ಹಿಡಿದುಕೊಂಡು ಅಳುಮುಖ ಮಾಡಿ ನಿಂತಿದ್ದ ಹುಡುಗನ ಹತ್ತಿರ ಹೋಗಿ, ಅವನ ಕೈಯಲ್ಲಿದ್ದ ಕಡ್ಡಿಯನ್ನು ಅರ್ಧ ಸುತ್ತು ತಿರುಗಿಸಿದರು. ಪಾಂಡಾದ ಮುಖ ಗೋಡೆಯ ಕಡೆಗೆ ಹೋಯಿತು. "ಈಗ ಅದು ಗಡಿಯಾರ ನೋಡ್ತಿದೆ. ಬೇಗ ತಿನ್ನು ಪುಟ್ಟಾ" ಅಂದರು. ಅವನು ಎರಡು ಸಲ ಬಗ್ಗಿ ಆ ಕಡೆ ಇಣುಕಿ ನೋಡಿದ. ಆಮೇಲೆ ಹಿಂದಿನಿಂದ ಒಂದು ಚೂರು ಕಚ್ಚಿದ. ಮತ್ತೊಂದು ಚೂರು. ಕೇಕನ್ನೆಲ್ಲ ನಾಲಿಗೆಯಿಂದ ಕೆದಕಿ ತಿಂದು, ಮುಂದಿನ ತೆಳು ಚಾಕೊಲೇಟ್ ಚಿಪ್ಪು ಮಾತ್ರ ಕಡ್ಡಿಗೆ ಅಂಟಿಕೊಂಡಿರುವ ಹಾಗೆ ಉಳಿಸಿದ. ಎರಡು ಕಪ್ಪು ಮಚ್ಚೆ, ಎರಡು ಎಳ್ಳು, ಹಿಂದೆ ಏನೂ ಇಲ್ಲ. ಅದನ್ನು ಮುಖದ ಮುಂದೆ ಹಿಡಿದುಕೊಂಡು ಮನೆಯೆಲ್ಲ ಓಡಾಡಿದ. ಸಂಜೆ ಹೋಗುವಾಗ ನನ್ನ ಕೈಗೆ ಕೊಟ್ಟ, ಫ್ರಿಜ್ಜಲ್ಲಿಡಿ ಆಂಟಿ, ನಾಳೆ ಬಂದು ತಗೊಂಡು ಹೋಗ್ತೀನಿ ಅಂತ. ಮಾರನೆಯ ದಿನ ಬರಲಿಲ್ಲ. ಅದು ಬೆಣ್ಣೆ ಡಬ್ಬಿಯ ಪಕ್ಕದಲ್ಲಿ ಇನ್ನೂ ಇದೆ. ನಾನು ಹಾಲು ತೆಗೆಯಲು ಬಾಗಿಲು ತೆರೆದಾಗ ನೋಡುತ್ತದೆ.